ಆ್ಯಪ್ ತಪ್ಪಿದರೆ ಬೈಯಬೇಡಿ, ಬರೆದು ತಿಳಿಸಿ!

ಸಾರಿಗೆ ಉಪ್ಪು ಕಡಿಮೆಯಾಗಿದ್ದರೆ ಬಡಿಸುವ ಮೊದಲೇ ಹೇಳುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು. ಮೊಬೈಲು, ಕಂಪ್ಯೂಟರಿನ ತಂತ್ರಾಂಶಕ್ಕೂ ಅಂಥವರು ಬೇಕು. ಆ ಕೆಲಸವನ್ನು ಗೃಹಿಣಿಯರಾದ ನಾವೂ ಮಾಡಬಹುದು. ಅದಕ್ಕೆ ಎಂಜಿನಿಯರಿಂಗ್ ಓದಿರಬೇಕಿಲ್ಲ!

2023ರ ಮೇ 1, ಸೋಮವಾರ ಸಂಜೆ. ಬನಹಟ್ಟಿಯ ನಮ್ಮ ಓಣಿಯ ಹೆಣ್ಣುಮಕ್ಕಳ ಉಳಿತಾಯ ಗುಂಪು ಎಂದಿನಂತೆ ಸೇರಿತ್ತು. ಇಪ್ಪತ್ತು ಮಂದಿ, ವಾರಕ್ಕೆ ತಲೆಗೆ 100 ರೂಪಾಯಿ. ಮಾರ್ಚ್ 6ರಂದು ಶುರು ಮಾಡಿದ ಗುಂಪು, ಇನ್ನೂ ಎಳೇ ಕೂಸು. ಲೆಕ್ಕ ಬರೆಯುವ ಜವಾಬ್ದಾರಿ ನಾವೆಲ್ಲ ವೈನಿ ಎಂದು ಕರೆಯುವ ಮಗ್ಗದ ಮನೆಯ ಸೊಸೆಯದು. ಓದಿದ್ದು ಹತ್ತನೇ ಇಯತ್ತೆ, ಆದರೆ ಲೆಕ್ಕದಲ್ಲಿ ಒಂದು ಪೈಸೆ ಆಚೀಚೆ ಆಗದು. ಪುಸ್ತಕದ ಬದಲು ಮೊಬೈಲಿನ ಒಂದು ಉಚಿತ ಲೆಕ್ಕದ ಆ್ಯಪಿನಲ್ಲಿ ಬರೆಯುತ್ತಿದ್ದರು. ಹಿಂದಿನ ವಾರವಷ್ಟೇ ಹಳೇ ಫೋನಿನ ಗಾಜು ಒಡೆದು, ಮಗ ಹೊಸ ಫೋನಿಗೆ ಲೆಕ್ಕವನ್ನೆಲ್ಲ ವರ್ಗ ಮಾಡಿಕೊಟ್ಟಿದ್ದ.

"ಏಪ್ರಿಲ್ ತಿಂಗಳದ ಜಮಾ ಓದ್ರಿ ವೈನಿ" ಎಂದೆ.

"ನಾಲ್ಕು ಸಾವಿರ..." ಎಂದು ಓದಿದವರು ಅಲ್ಲೇ ನಿಂತರು. 

ಏಪ್ರಿಲ್‌ನಲ್ಲಿ ಸೋಮವಾರಗಳು ನಾಲ್ಕು. ವಾರಕ್ಕೆ 2,000ದಂತೆ 8,000 ಇರಬೇಕು. ಮಾರ್ಚ್ ನೋಡಿದರೆ ಸರಿಯಾಗಿ 8,000 ಇದೆ. ಹಾಗಾದರೆ ಆ್ಯಪ್ ಸರಿ ಇದೆ, ರೊಕ್ಕವೇ ಇಲ್ಲ! ಯಾರೂ ಏನೂ ಅನ್ನಲಿಲ್ಲ. ಆದರೆ ಮೂಲೆಯಲ್ಲಿ ಕೂತ ಹಿರಿಯರೊಬ್ಬರು, "ಕಾಗದದಾಗ ಬರದಿದ್ರ ಹಿಂಗ ಆಗ್ತಿದ್ದಿಲ್ಲ ನೋಡವಾ" ಎಂದು ಮೆಲ್ಲಗೆ ಅಂದದ್ದು ಎಲ್ಲರಿಗೂ ಕೇಳಿಸಿತು. ವೈನಿಯ ಮುಖ ಬಿಳಿಚಿಕೊಂಡಿತು. "ನಾಳಿಂದ ಲೆಕ್ಕ ಬ್ಯಾರೇದವ್ರು ಬರೀರಿ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದು ಹೋದರು.

ಮರುದಿನ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿದೆವು. ಎಂಟು ವಾರದ 16,000 ರೂಪಾಯಿ ಇದ್ದಂತೆಯೇ ಇತ್ತು! ಹಣ ಸಿಕ್ಕಿತು. ಆದರೆ ಆಡಿದ ಮಾತು? ಅದನ್ನು ವಾಪಸ್ಸು ತೆಗೆದುಕೊಳ್ಳಲು ಯಾವ ಬ್ಯಾಂಕಿನಲ್ಲಿ ಬರುತ್ತದೆ ಹೇಳಿ?

ಇನ್ನೂ ಬರದ ಅಕ್ಟೋಬರ್

"ಅತ್ಯಾ, ಆ ಹಾಳಾದ ಆ್ಯಪ್ ಡಿಲೀಟ್ ಮಾಡಿ ಒಗೀರಿ" ಎಂದ ಜಮಖಂಡಿಯಲ್ಲಿ ಕಾಲೇಜು ಓದುವ ನಮ್ಮಣ್ಣನ ಮಗ. ನನಗೆ ಮನಸ್ಸಾಗಲಿಲ್ಲ. ತಪ್ಪು ಎಲ್ಲಿ ಆಯಿತೆಂದು ಗೊತ್ತಾಗದೆ ವೈನಿಯ ಮನಸ್ಸು ಹಗುರಾಗದು ಅನಿಸಿತು. ಅಂದು ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಇಬ್ಬರೂ ಕೂತು ಒಂದೊಂದೇ ತಿಂಗಳು ತೆರೆದು ನೋಡಿದೆವು. ಜೂನ್ ತಿಂಗಳಲ್ಲಿ 2,000 ಜಮಾ. ಅಕ್ಟೋಬರ್‌ನಲ್ಲಿ 2,000 ಜಮಾ! "ಅಕ್ಟೋಬರ್ ಇನ್ನೂ ಬಂದೇ ಇಲ್ಲಲ್ರೀ ಅಕ್ಕಾರ!" ಎಂದು ವೈನಿ ಹಣೆ ಹಣೆ ಬಡಿದುಕೊಂಡರು. 

ಗುಟ್ಟು ಇಷ್ಟೇ. ನಾವು ತಾರೀಖು ಬರೆಯುವಾಗ ಮೊದಲು ದಿನ, ಆಮೇಲೆ ತಿಂಗಳು. ಅಮೆರಿಕದವರು ಮೊದಲು ತಿಂಗಳು, ಆಮೇಲೆ ದಿನ ಬರೆಯುತ್ತಾರೆ. ಹೊಸ ಫೋನಿನಲ್ಲಿ ಭಾಷೆ ಅಮೆರಿಕದ ಇಂಗ್ಲಿಷ್ ಎಂದಿತ್ತು. ಹಳೇ ಲೆಕ್ಕವನ್ನು ಓದಿಕೊಳ್ಳುವಾಗ ಆ್ಯಪ್ 10/4 ಎಂಬುದನ್ನು ಏಪ್ರಿಲ್ 10 ಅನ್ನದೆ ಅಕ್ಟೋಬರ್ 4 ಎಂದು ತಿಳಿಯಿತು. 17/4 ಮತ್ತು 24/4 ಮಾತ್ರ ಸರಿಯಾಗಿ ಉಳಿದವು, ಏಕೆಂದರೆ ಹದಿನೇಳನೇ ತಿಂಗಳು ಎಂಬುದೇ ಇಲ್ಲವಲ್ಲ! 3/4 ಹೋಗಿ ಮಾರ್ಚ್ 4 ಆಗಿತ್ತು. ಮಾರ್ಚ್ 6ರ ಜಮಾ ಜೂನ್ 3ಕ್ಕೆ ಹಾರಿತ್ತು. ಹೀಗೆ ಮಾರ್ಚ್‌ನಿಂದ ಒಂದು ಹೋಗಿ, ಏಪ್ರಿಲ್‌ನಿಂದ ಒಂದು ಬಂದು, ಮಾರ್ಚ್ ಲೆಕ್ಕ ತಪ್ಪಾಗಿದ್ದರೂ ಮೊತ್ತ ಮಾತ್ರ ಸರಿ ಕಾಣುತ್ತಿತ್ತು. ನಮ್ಮನ್ನು ಮೋಸ ಮಾಡಿದ್ದು ಅದೇ. 2023ರ ಮಾರ್ಚ್ 4 ಶನಿವಾರ, ನಾವು ಸೇರುವುದು ಸೋಮವಾರ ಎಂದು ಆ ಸಂಜೆಯೇ ಯಾರಿಗಾದರೂ ಹೊಳೆದಿದ್ದರೆ ವೈನಿ ಅಳಬೇಕಾಗಿರಲಿಲ್ಲ.

ಇಂಥ ತಪ್ಪಿಗೆ ಕಂಪ್ಯೂಟರ್ ಮಂದಿ 'ಬಗ್' ಅನ್ನುತ್ತಾರೆ. ಹುಳ ಎಂದರ್ಥ. ಹೆಸರು ಸುಮ್ಮನೆ ಬಂದದ್ದಲ್ಲ, ಯಂತ್ರದ ದೋಷಕ್ಕೆ ಹಾಗೆನ್ನುವ ರೂಢಿ ಮೊದಲೇ ಇತ್ತು. ಆದರೆ 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ಮಾರ್ಕ್ 2 ಎಂಬ ಭಾರೀ ಕಂಪ್ಯೂಟರಿನೊಳಗೆ ನಿಜವಾದ ಪತಂಗವೇ ಸಿಕ್ಕಿತು. ಅದನ್ನು ಅಲ್ಲಿನವರು ದಿನಚರಿ ಪುಸ್ತಕದ ಹಾಳೆಗೆ ಅಂಟಿಸಿ, ಪಕ್ಕದಲ್ಲಿ ಷರಾ ಬರೆದಿಟ್ಟರು. ಆ ಹಾಳೆ ಈಗಲೂ ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಗಮನಿಸಿ, ಅವರು ಹುಳವನ್ನು ಎತ್ತಿ ಬಿಸಾಡಿ ಸುಮ್ಮನಾಗಲಿಲ್ಲ. ಎಲ್ಲಿ ಸಿಕ್ಕಿತು, ಎಷ್ಟು ಹೊತ್ತಿಗೆ ಸಿಕ್ಕಿತು ಎಂದು ಬರೆದಿಟ್ಟರು. ನಾವು ಕಲಿಯಬೇಕಾದದ್ದೂ ಅಷ್ಟೇ.

ಮಸಾಲಿ ಖಾರದ ಹಾಗೆ

ನಮ್ಮ ಆ್ಯಪ್ 'ಓಪನ್ ಸೋರ್ಸ್', ಅಂದರೆ ಮುಕ್ತ ತಂತ್ರಾಂಶ. ಹಾಗೆಂದರೇನು? ಅಂಗಡಿಯ ಪ್ಯಾಕೆಟ್ ಖಾರ ತಂದರೆ ಅದರಲ್ಲಿ ಏನೆಷ್ಟು ಹಾಕಿದ್ದಾರೆಂದು ನಮಗೆ ತಿಳಿಯದು. ಆದರೆ ಬ್ಯಾಸಿಗೆಯಲ್ಲಿ ಓಣಿಯ ನಾಲ್ಕು ಮನೆಯವರು ಸೇರಿ ಬ್ಯಾಡಗಿ ಮೆಣಸಿನಕಾಯಿ ತಂದು ಮಸಾಲಿ ಖಾರ ಮಾಡಿದರೆ? ಕೊತ್ತಂಬರಿ ಎಷ್ಟು, ಲವಂಗ ಎಷ್ಟು ಎಂಬುದು ಎಲ್ಲರಿಗೂ ಗೊತ್ತು. ಹೆಚ್ಚುಕಡಿಮೆಯಾದರೆ ಯಾರು ಬೇಕಾದರೂ ಹೇಳಬಹುದು, ತಿದ್ದಬಹುದು, ತಮ್ಮ ಮನೆಯ ರುಚಿಗೆ ಬದಲಿಸಿಕೊಳ್ಳಲೂಬಹುದು. ಮುಕ್ತ ತಂತ್ರಾಂಶದ ಒಳಗಿನ ಬರಹವೂ ಹೀಗೆ ಎಲ್ಲರ ಮುಂದೆ ತೆರೆದಿರುತ್ತದೆ.

ನಮಗೆ ಗೊತ್ತಿಲ್ಲದೆ ನಾವೆಲ್ಲ ಇಂಥದ್ದನ್ನು ಬಳಸುತ್ತಲೇ ಇದ್ದೇವೆ. 2004ರಲ್ಲಿ ಬಂದ ಫೈರ್‌ಫಾಕ್ಸ್ ಬ್ರೌಸರ್, ಪತ್ರ-ಪಟ್ಟಿ ಬರೆಯುವ ಲಿಬ್ರೆ ಆಫೀಸ್, ಸಿನಿಮಾ ನೋಡುವ ವಿಎಲ್‌ಸಿ, ಮಕ್ಕಳು ಪ್ರಾಜೆಕ್ಟ್‌ಗಾಗಿ ತೆರೆಯುವ ವಿಕಿಪೀಡಿಯದ ಹಿಂದಿರುವ ತಂತ್ರಾಂಶ ಎಲ್ಲವೂ ಮುಕ್ತ. ಕನ್ನಡ ವಿಕಿಪೀಡಿಯ 2003ರಿಂದಲೇ ಇದೆ. ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಬುನಾದಿಯೂ ಮುಕ್ತ ತಂತ್ರಾಂಶವೇ. 'ಹುಬ್ಬಳ್ಳಿ' ಎಂಬ ಹೆಸರಿನ ಮುಕ್ತ ಕನ್ನಡ ಫಾಂಟ್ ಕೂಡ ಇದೆ ಗೊತ್ತೇ?

ಇವುಗಳಲ್ಲಿ ಎಷ್ಟೋ ತಂತ್ರಾಂಶಗಳನ್ನು ಮಾಡುವವರು ಸಂಬಳವಿಲ್ಲದೆ, ತಮ್ಮ ಬಿಡುವಿನಲ್ಲಿ ದುಡಿಯುವ ಸ್ವಯಂಸೇವಕರು. ಜಗತ್ತಿನ ಎಲ್ಲ ಫೋನು, ಎಲ್ಲ ಭಾಷೆ ಅವರ ಮನೆಯಲ್ಲಿ ಇರಲು ಸಾಧ್ಯವಿಲ್ಲ. ಬನಹಟ್ಟಿಯ ಸೋಮವಾರದ ಗುಂಪಿನಲ್ಲಿ ಏನಾಯಿತೆಂದು ನಾವು ಹೇಳದಿದ್ದರೆ ಅವರಿಗೆ ತಿಳಿಯುವುದಾದರೂ ಹೇಗೆ?

ಮೊದಲ ದೂರು, ಎರಡನೇ ದೂರು

ಅಣ್ಣನ ಮಗ ಅಂದು ಸಿಟ್ಟಿನಲ್ಲಿ ಇಂಗ್ಲಿಷಿನಲ್ಲಿ ಒಂದು ದೂರು ಬರೆದು ಕಳಿಸಿಯೇ ಬಿಟ್ಟ. "ನಿಮ್ಮ ಆ್ಯಪ್ ಕೆಟ್ಟಿದೆ. ನಮ್ಮ ಹಣ ಕಾಣೆಯಾಗಿದೆ. ಬಹಳ ಕೆಟ್ಟ ಆ್ಯಪ್." ಎರಡು ದಿನದ ಮೇಲೆ ಉತ್ತರ ಬಂತು. ಸಿಟ್ಟಿಗೆ ಸಿಟ್ಟು ಇರಲಿಲ್ಲ, ಪ್ರಶ್ನೆಗಳಿದ್ದವು. ಯಾವ ಫೋನು? ಆ್ಯಪಿನ ಆವೃತ್ತಿ ಯಾವುದು? ಏನು ಮಾಡಿದಾಗ ಹೀಗಾಯಿತು? ಏನು ಕಾಣಬೇಕಿತ್ತು, ಏನು ಕಂಡಿತು?

ನಾಚಿಕೆಯಾಯಿತು. ಡಾಕ್ಟರ ಹತ್ತಿರ ಹೋಗಿ "ಆರಾಮಿಲ್ರೀ" ಎಂದಷ್ಟೇ ಹೇಳಿ ಸುಮ್ಮನೆ ಕೂತರೆ ಅವರಾದರೂ ಏನು ಮಾಡಬೇಕು? ಎಲ್ಲಿ ನೋವು, ಯಾವಾಗಿನಿಂದ, ಏನು ತಿಂದಿದ್ದಿರಿ ಎಂದು ಅವರು ಕೇಳುವುದಿಲ್ಲವೇ? ಬ್ರಿಟನ್ನಿನ ಸೈಮನ್ ಟ್ಯಾಥಮ್ ಎಂಬ ಪ್ರೋಗ್ರಾಮರ್ 1999ರಲ್ಲಿ ಇದರ ಬಗ್ಗೆಯೇ ಒಂದು ಲೇಖನ ಬರೆದಿದ್ದಾರೆ, ಅನೇಕ ಭಾಷೆಗಳಿಗೆ ಅದು ಅನುವಾದವಾಗಿದೆ. ಅದರ ಸಾರ ಇಷ್ಟು: ತಂತ್ರಾಂಶ ತಪ್ಪುವುದನ್ನು ಮಾಡಿದವನು ತನ್ನ ಕಣ್ಣಾರೆ ನೋಡುವಂತೆ ನಿಮ್ಮ ದೂರು ಇರಬೇಕು.

ಎರಡನೇ ದೂರನ್ನು ನಾನು, ವೈನಿ ಮೊದಲು ಕನ್ನಡದಲ್ಲಿ ಬರೆದೆವು. ಹುಡುಗ ಅದನ್ನು ಸರಳ ಇಂಗ್ಲಿಷಿಗೆ ತಿರುಗಿಸಿದ. ಅದು ಹೀಗಿತ್ತು:

"ತಲೆಬರಹ: ಹಳೆಯ ಲೆಕ್ಕವನ್ನು ಹೊಸ ಫೋನಿಗೆ ತಂದಾಗ ದಿನ ಮತ್ತು ತಿಂಗಳು ಅದಲುಬದಲಾಗುತ್ತವೆ.

ಮಾಡಿದ್ದು: 1. ಹಳೇ ಫೋನಿನಲ್ಲಿ ಲೆಕ್ಕದ ಫೈಲ್ ಉಳಿಸಿದೆವು. 2. ಅಮೆರಿಕದ ಇಂಗ್ಲಿಷ್ ಇರುವ ಹೊಸ ಫೋನಿಗೆ ಅದನ್ನು ತಂದೆವು. 3. ಏಪ್ರಿಲ್ ತಿಂಗಳ ಜಮಾ ತೆರೆದೆವು.

ಕಾಣಬೇಕಾದದ್ದು: 3, 10, 17, 24ನೇ ತಾರೀಖಿನ ನಾಲ್ಕು ಜಮಾ, ಒಟ್ಟು 8,000.

ಕಂಡದ್ದು: 17 ಮತ್ತು 24ರದು ಮಾತ್ರ, 4,000. 10/4ರ ಜಮಾ ಅಕ್ಟೋಬರ್ 4ರಲ್ಲಿದೆ. 

ಗಮನಿಸಿ: 12ಕ್ಕಿಂತ ದೊಡ್ಡ ತಾರೀಖುಗಳು ಸರಿಯಾಗಿವೆ. ಎರಡು ಸಲ ಮಾಡಿ ನೋಡಿದೆವು, ಎರಡೂ ಸಲ ಹೀಗೇ ಆಯಿತು."

ಇದರ ಜೊತೆಗೆ ಫೋನಿನ ಹೆಸರು, ಆ್ಯಪಿನ ಆವೃತ್ತಿ, ಒಂದು ಸ್ಕ್ರೀನ್‌ಶಾಟ್. ಸದಸ್ಯರ ಹೆಸರಿರುವ ನಿಜವಾದ ಫೈಲ್ ಕಳಿಸಲಿಲ್ಲ. ಅದರ ಬದಲು ಹೆಸರುಗಳ ಜಾಗದಲ್ಲಿ ಅ, ಆ, ಇ, ಈ ಎಂದು ಹಾಕಿ, ಎಂಟೇ ಸಾಲಿನ ಮಾದರಿ ಫೈಲ್ ಮಾಡಿ ಕಳಿಸಿದೆವು. ಮರುದಿನವೇ "ಈಗ ನಮಗೂ ಕಾಣಿಸಿತು, ಧನ್ಯವಾದ" ಎಂಬ ಅರ್ಥದ ಉತ್ತರ ಬಂತು. ವೈನಿ ಆ ಸಾಲನ್ನು ಮೂರು ಸಲ ಓದಿಸಿಕೊಂಡರು.

ಬಡಿಸುವ ಮುಂಚಿನ ರುಚಿ

ಎರಡು ವಾರದ ಮೇಲೆ ಅವರು ತಿದ್ದಿದ 'ಬೀಟಾ' ಆವೃತ್ತಿ ಕಳಿಸಿ, ಎಲ್ಲರಿಗೂ ಬಿಡುಗಡೆ ಮಾಡುವ ಮುಂಚೆ ನೀವೊಮ್ಮೆ ನೋಡಿ ಹೇಳಿ ಎಂದರು. ಬೀಟಾ ಎಂದರೆ ಒಲೆಯಿಂದ ಇಳಿಸುವ ಮುನ್ನ ಅಂಗೈಗೆ ಹಾಕಿಕೊಂಡು ನೋಡುವ ಸಾರು ಇದ್ದಂತೆ. ಸಾಮಾನ್ಯವಾಗಿ ತಂತ್ರಾಂಶ ಮೂರು ಹಂತ ದಾಟಿ ಬರುತ್ತದೆ. ಮೊದಲನೆಯದು ಆಲ್ಫಾ, ಅದು ಅರೆಬೆಂದದ್ದು, ಮಾಡುವವರಿಗೇ ಮೀಸಲು. ಆಮೇಲೆ ಬೀಟಾ, ಆಸಕ್ತರು ಬಳಸಿ ನೋಡಬಹುದು. ಕೊನೆಯದು ಬಿಡುಗಡೆಗೆ ಸಿದ್ಧವಾದದ್ದು, ದೊಡ್ಡ ತಪ್ಪು ಸಿಗದಿದ್ದರೆ ಅದೇ ಎಲ್ಲರ ಕೈಗೆ. ಲಿಬ್ರೆ ಆಫೀಸಿನವರು ವರ್ಷಕ್ಕೆ ಎರಡು ದೊಡ್ಡ ಆವೃತ್ತಿ ತರುತ್ತಾರೆ, ಬಿಡುಗಡೆಗೆ ಮುಂಚೆ 'ಹುಳ ಹುಡುಕುವ ದಿನ' ಗೊತ್ತುಮಾಡಿ ಸ್ವಯಂಸೇವಕರನ್ನು ಕರೆಯುತ್ತಾರೆ. 

ಅನ್ನ ಬೆಂದಿದೆಯೋ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು ಎನ್ನುತ್ತೇವೆ. ತಂತ್ರಾಂಶಕ್ಕೆ ಆ ಮಾತು ನಡೆಯದು, ಬೇರೆ ಬೇರೆ ಕೈಯಲ್ಲಿ, ಬೇರೆ ಬೇರೆ ಫೋನಿನಲ್ಲಿ ಹಿಚುಕಿ ನೋಡಬೇಕು. ನಾವು ಮೂರು ಫೋನಿನಲ್ಲಿ ನೋಡಿದೆವು. ತಾರೀಖು ಈಗ ಸರಿ ಬಂತು. ಆದರೆ ಹೊಸದೊಂದು ಹುಳ! ಹಳೇ ಫೈಲನ್ನು ಮತ್ತೊಮ್ಮೆ ತಂದಾಗ, ಮೊದಲಿನ ತಪ್ಪು ಸಾಲುಗಳು ಹೋಗದೆ ಹೊಸ ಸಾಲುಗಳೂ ಸೇರಿ 16,000 ಹೋಗಿ 32,000 ಆಗಿಬಿಟ್ಟಿತು. "ಹಿಂಗಾದ್ರ ಚೊಲೋ ಆತಲ್ರೀ, ರೊಕ್ಕ ಡಬಲ್!" ಎಂದು ವೈನಿ ನಕ್ಕರು. ಆ ಸೋಮವಾರದ ಮೇಲೆ ಅವರು ನಕ್ಕಿದ್ದು ಅದೇ ಮೊದಲು. ಅದನ್ನೂ ಬರೆದು ಕಳಿಸಿದೆವು. ಬಿಡುಗಡೆಯಾದ ಆವೃತ್ತಿಯಲ್ಲಿ "ಈ ಲೆಕ್ಕ ಮೊದಲೇ ಇದೆ, ಬದಲಿಸಲೇ?" ಎಂದು ಕೇಳುವ ವ್ಯವಸ್ಥೆ ಬಂತು.

ಬಿಡುಗಡೆಗೆ ಮುಂಚೆಯೇ ತಪ್ಪು ಹಿಡಿಯುವುದು ಎಷ್ಟು ಮುಖ್ಯ ಎಂಬುದು ನಮ್ಮ ರಬಕವಿ-ಬನಹಟ್ಟಿಯ ನೇಕಾರರಿಗೆ ಬೇರೆ ಹೇಳಬೇಕಿಲ್ಲ. ಹಾಸಿನ ಒಂದು ಎಳೆ ಕಡಿದರೆ ಮಗ್ಗ ನಿಲ್ಲಿಸಿ, ಎಳೆ ಕೂಡಿಸಿಯೇ ಮುಂದೆ ನೇಯಬೇಕು. ಅಂಚಿನ ಚಿತ್ತಾರಕ್ಕೆ ಜಕಾರ್ಡ್ ಹಾಕಿದ್ದರೆ, ತೂತು ಹೊಡೆದ ಒಂದು ಪಟ್ಟಿ ತಪ್ಪಿದರೂ ಅದೇ ತಪ್ಪು ಪ್ರತಿ ಸೀರೆಯಲ್ಲೂ ಬರುತ್ತದೆ. ಫ್ರಾನ್ಸಿನ ಜಕಾರ್ಡ್ 1804ರ ಹೊತ್ತಿಗೆ ರೂಪಿಸಿದ ಆ ತೂತು ಪಟ್ಟಿಗಳ ಉಪಾಯವನ್ನೇ ಮುಂದೆ ಕಂಪ್ಯೂಟರ್ ಮಾಡಿದವರೂ ಎರವಲು ತಂದುಕೊಂಡರು. ಅಂದರೆ ತಂತ್ರಾಂಶದ ಅಜ್ಜ ನಮ್ಮ ಓಣಿಯಲ್ಲೇ ಖಟಪಟ ಸದ್ದು ಮಾಡುತ್ತಿದ್ದಾನೆ!

ಅರ್ಧ ಸೆಕೆಂಡಿನ ಅನುಮಾನ

ಸಣ್ಣ ಸಂಗತಿ ಗಮನಿಸಿದ್ದರಿಂದ ದೊಡ್ಡ ಅನಾಹುತ ತಪ್ಪಿದ ಕಥೆಯೊಂದಿದೆ. ಲಿನಕ್ಸ್ ಕಂಪ್ಯೂಟರುಗಳಲ್ಲಿ ಫೈಲುಗಳನ್ನು ಕುಗ್ಗಿಸಲು ಬಳಸುವ 'ಎಕ್ಸ್‌ಝಡ್' ಎಂಬ ಪುಟ್ಟ ಮುಕ್ತ ತಂತ್ರಾಂಶವಿದೆ. ಅದನ್ನು ನೋಡಿಕೊಳ್ಳುತ್ತಿದ್ದವರ ಜೊತೆ ಸಹಾಯಕನಂತೆ ಸೇರಿಕೊಂಡ ಒಬ್ಬ, ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿ, 2024ರಲ್ಲಿ ಅದರೊಳಗೆ ಕಳ್ಳಬಾಗಿಲು ಇಟ್ಟುಬಿಟ್ಟ. ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರ್ ತಮ್ಮ ಪರೀಕ್ಷೆಯ ಕಂಪ್ಯೂಟರಿಗೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಎಂಬುದನ್ನು ಗಮನಿಸಿದರು. ಯಾಕೆ ಹೀಗೆ ಎಂದು ಬೆನ್ನುಹತ್ತಿದರು. ಆ ವರ್ಷ ಮಾರ್ಚ್ 29ರಂದು ಕಳ್ಳಬಾಗಿಲನ್ನು ಬಯಲು ಮಾಡಿದರು. ಆಗ ಆ ಕಳ್ಳಬಾಗಿಲಿದ್ದ 5.6.0 ಮತ್ತು 5.6.1 ಆವೃತ್ತಿಗಳು ಹೆಚ್ಚಾಗಿ ಡೆಬಿಯನ್, ಫೆಡೋರಾದಂಥ ವ್ಯವಸ್ಥೆಗಳ ಪರೀಕ್ಷಾ ಹಂತದಲ್ಲಷ್ಟೇ ಇದ್ದವು. ಅಲ್ಲೇ ಸಿಕ್ಕಿದ್ದರಿಂದ ಜಗತ್ತಿನ ಲೆಕ್ಕವಿಲ್ಲದಷ್ಟು ಕಂಪ್ಯೂಟರುಗಳು ಬಚಾವಾದವು.

ಅರ್ಧ ಸೆಕೆಂಡು! ನಾವು ಮಿಕ್ಸರ್‌ನ ಸದ್ದು ಸ್ವಲ್ಪ ಬದಲಾದರೂ ಕೈ ತೆಗೆಯುತ್ತೇವೆ. ಕುಕ್ಕರಿನ ಸೀಟಿ ತಡವಾದರೆ ಎದ್ದು ಹೋಗಿ ನೋಡುತ್ತೇವೆ. "ಏನೋ ಸರಿ ಇಲ್ಲ" ಎಂಬ ಆ ಅನುಮಾನವೇ ಪರೀಕ್ಷಕರಿಗೆ ಬೇಕಾದ ಮೊದಲ ಅರ್ಹತೆ.

ಕನ್ನಡದ ಹುಳಕ್ಕೆ ಕನ್ನಡತಿಯೇ ಬೇಕು

ಕೆಲವು ತಪ್ಪುಗಳು ನಮ್ಮಂಥವರಿಗೆ ಮಾತ್ರ ಕಾಣುತ್ತವೆ. ಮುಧೋಳದ ನನ್ನ ಗೆಳತಿ ಮಗಳಿಗೆಂದು ಅಕ್ಷರ ಕಲಿಸುವ ಆ್ಯಪ್ ಹಾಕಿಕೊಂಡಿದ್ದಳು. ಸಾಲುಗಳ ನಡುವೆ ಜಾಗ ಸಾಲದೆ ಕೆಳಗಿನ ಒತ್ತಕ್ಷರ ಕತ್ತರಿಸಿ ಹೋಗಿ 'ಅಕ್ಕ' ಎಂಬುದು 'ಅಕ' ಎಂದು ಕಾಣುತ್ತಿತ್ತು. ಇಂಗ್ಲಿಷಿನಲ್ಲಿ ಒತ್ತಕ್ಷರವೇ ಇಲ್ಲ, ಮಾಡಿದವರಿಗೆ ಹೇಗೆ ಗೊತ್ತಾಗಬೇಕು? ಬೀಳಗಿಯ ನಮ್ಮವ್ವ ಕಣ್ಣು ಕಾಣದೆಂದು ಅಕ್ಷರ ದೊಡ್ಡದು ಮಾಡಿಕೊಂಡಿದ್ದಾಳೆ, ಆಗ ಒಂದು ಆ್ಯಪಿನಲ್ಲಿ 'ಉಳಿಸು' ಗುಂಡಿಯೇ ತೆರೆಯಿಂದ ಆಚೆ ಹೋಗಿಬಿಡುತ್ತದೆ.

ಇವು ಸಣ್ಣವು ಎನ್ನಬೇಡಿ. 2018ರ ಫೆಬ್ರವರಿಯಲ್ಲಿ ನಮ್ಮ 'ಜ್ಞಾ'ದಂಥದ್ದೇ ಒಂದು ತೆಲುಗು ಅಕ್ಷರ ಬಂದರೆ ಸಾಕು, ಆ್ಯಪಲ್ ಐಫೋನಿನ ಸಂದೇಶದ ಆ್ಯಪುಗಳು ದಿಢೀರ್ ಮುಚ್ಚಿಹೋಗುತ್ತಿದ್ದವು. ಫೆಬ್ರವರಿ 19ರಂದು 11.2.6 ಆವೃತ್ತಿ ತಂದು ಅದನ್ನು ಸರಿ ಮಾಡಿದರು. ನಮ್ಮ ಭಾಷೆಗಳಲ್ಲಿ ಬಳಸಿ ನೋಡುವವರು ಬಿಡುಗಡೆಗೆ ಮುಂಚೆ ಹೆಚ್ಚು ಇದ್ದಷ್ಟೂ ಇಂಥದ್ದು ಕಡಿಮೆ.

ಇನ್ನು ಕೆಲವು ತಪ್ಪುಗಳು ಒಮ್ಮೆ ಹೊರಬಿದ್ದರೆ ತಿದ್ದಲೇ ಬರುವುದಿಲ್ಲ. ಹತ್ತನೇ ಶತಮಾನದ ಮುಧೋಳದ ಕವಿ ರನ್ನನ ಹಳಗನ್ನಡದಲ್ಲಿ 'ೞ' ಎಂಬ ಅಕ್ಷರವಿದೆ. ಜಗತ್ತಿನ ಎಲ್ಲ ಲಿಪಿಗಳಿಗೂ ಕಂಪ್ಯೂಟರಿನಲ್ಲಿ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಈ ಅಕ್ಷರಕ್ಕೆ ಯಾರದೋ ಕಣ್ತಪ್ಪಿನಿಂದ 'ಫ' ಎಂಬ ಹೆಸರು ಬಿತ್ತು! ಒಮ್ಮೆ ಕೊಟ್ಟ ಹೆಸರು ಬದಲಿಸಬಾರದೆಂಬುದು ಯೂನಿಕೋಡಿನ ನಿಯಮ. ಹಾಗಾಗಿ ಸರಿಯಾದ ಹೆಸರನ್ನು ಪಕ್ಕದಲ್ಲಿ ಅಡ್ಡಹೆಸರಾಗಿ ಸೇರಿಸಿದ್ದಾರೆ, ತಪ್ಪು ಹೆಸರು ಹಾಗೇ ಉಳಿದಿದೆ. ಅಚ್ಚಾಗುವ ಮೊದಲು ಹಳಗನ್ನಡ ಬಲ್ಲ ಒಬ್ಬರು ನೋಡಿದ್ದರೆ? ಲಗ್ನಪತ್ರಿಕೆ ಹಂಚಿದ ಮೇಲೆ ಹೆಸರು ತಪ್ಪಿದ್ದು ಕಂಡಹಾಗಾಯಿತು ನೋಡಿ.

ನೀವೂ ಹೀಗೆ ಮಾಡಿ

* ತಪ್ಪು ಕಂಡಕೂಡಲೇ ಸ್ಕ್ರೀನ್‌ಶಾಟ್ ತೆಗೆಯಿರಿ. ಆಮೇಲೆ ಅದನ್ನೇ ಇನ್ನೊಮ್ಮೆ ಮಾಡಿ ನೋಡಿ. ಎರಡನೇ ಸಲವೂ ಹಾಗೇ ಆದರೆ ಅರ್ಧ ಕೆಲಸ ಮುಗಿದಂತೆ.

* ಆ್ಯಪನ್ನು ಹೊಸ ಆವೃತ್ತಿಗೆ ಅಪ್‌ಡೇಟ್ ಮಾಡಿ ನೋಡಿ. ಆ ತಪ್ಪನ್ನು ಅವರು ಆಗಲೇ ಸರಿ ಮಾಡಿರಬಹುದು.

* ದೂರುಗಳ ಪಟ್ಟಿಯಲ್ಲಿ ಅದೇ ತಪ್ಪನ್ನು ಬೇರೆಯವರು ಬರೆದಿದ್ದಾರೆಯೇ ಹುಡುಕಿ. ಇದ್ದರೆ ಹೊಸದು ಬರೆಯದೆ, ಅದರ ಕೆಳಗೇ ನಿಮ್ಮ ಅನುಭವ ಸೇರಿಸಿ. ಆ್ಯಪಿನ 'ಸಹಾಯ' ಅಥವಾ 'ಆ್ಯಪ್ ಬಗ್ಗೆ' ಎಂಬಲ್ಲಿ ಈ ಪಟ್ಟಿಗೆ ದಾರಿ ಇರುತ್ತದೆ. ಫೈರ್‌ಫಾಕ್ಸ್, ಲಿಬ್ರೆ ಆಫೀಸ್‌ಗಳ ಪಟ್ಟಿಗೆ ಬಗ್‌ಝಿಲ್ಲಾ ಎಂದೂ ವಿಕಿಪೀಡಿಯದ ಪಟ್ಟಿಗೆ ಫ್ಯಾಬ್ರಿಕೇಟರ್ ಎಂದೂ ಹೆಸರು.

* ಒಂದು ದೂರಿನಲ್ಲಿ ಒಂದೇ ತಪ್ಪು. ಐದು ತಪ್ಪು ಕಂಡರೆ ಐದು ದೂರು.

* ಮಾಡಿದ್ದು, ಕಾಣಬೇಕಾದದ್ದು, ಕಂಡದ್ದು. ಈ ಮೂರನ್ನೂ ಬಿಡಿಬಿಡಿಯಾಗಿ ಬರೆಯಿರಿ. ಕಾರಣ ನಿಮಗೆ ಗೊತ್ತಿಲ್ಲದಿದ್ದರೆ ಊಹಿಸಿ ಬರೆಯಬೇಡಿ, ಕಂಡದ್ದನ್ನಷ್ಟೇ ಹೇಳಿ.

* ಇಂಗ್ಲಿಷ್ ಬಾರದೆಂಬ ಸಂಕೋಚ ಬೇಡ. ಮೊದಲು ಕನ್ನಡದಲ್ಲಿ ಬರೆದುಕೊಂಡು ಮಕ್ಕಳ ಸಹಾಯ ಪಡೆಯಿರಿ. ಸಣ್ಣ ಸಣ್ಣ ವಾಕ್ಯ ಸಾಕು. ಅವರಿಗೆ ಬೇಕಾದದ್ದು ವ್ಯಾಕರಣವಲ್ಲ, ವಿವರ.

* ಆಧಾರ್, ಬ್ಯಾಂಕ್ ಖಾತೆ, ಫೋನ್ ನಂಬರ್, ಬೇರೆಯವರ ಹೆಸರು ಇರುವ ಚಿತ್ರ ಕಳಿಸಲೇಬೇಡಿ. ದೂರಿನ ಪಟ್ಟಿಯನ್ನು ಜಗತ್ತೇ ಓದಬಹುದು. ಒಟಿಪಿ, ಪಾಸ್‌ವರ್ಡ್ ಯಾರು ಕೇಳಿದರೂ ಕೊಡಬೇಡಿ, ದೂರು ನೋಡುವವರಿಗೆ ಅದರ ಅಗತ್ಯವೇ ಇಲ್ಲ.

* ಬೇರೆಯವರ ಲೆಕ್ಕ ನಿಮಗೆ ಕಾಣುವಂಥ, ಸುರಕ್ಷತೆಗೆ ಸಂಬಂಧಿಸಿದ ತಪ್ಪು ಸಿಕ್ಕರೆ ಎಲ್ಲರೆದುರು ಬರೆಯಬೇಡಿ. ತಂತ್ರಾಂಶದವರಿಗೆ ಖಾಸಗಿಯಾಗಿ ತಿಳಿಸಿ. ಬೀಗ ಕೆಟ್ಟಿದೆ ಎಂದು ಓಣಿಯಲ್ಲಿ ಡಂಗುರ ಹೊಡೆಸುತ್ತೇವೆಯೇ?

* ಬೀಟಾ ಪರೀಕ್ಷಿಸುವ ಮುನ್ನ ಹಳೇ ಲೆಕ್ಕದ ಪ್ರತಿ ಬೇರೆ ಕಡೆ ಇಡಿ. ಸಾಧ್ಯವಾದರೆ ಮನೆಯಲ್ಲಿ ಸುಮ್ಮನೆ ಬಿದ್ದಿರುವ ಹಳೇ ಫೋನಿನಲ್ಲೇ ಪರೀಕ್ಷೆ ಮಾಡಿ. ಗುಂಪಿನ ನಿಜವಾದ ಲೆಕ್ಕವನ್ನು ಬೀಟಾದಲ್ಲಿ ಬರೆಯಬೇಡಿ.

* ಪರೀಕ್ಷಿಸುವಾಗ ನಮ್ಮೂರಿನಂತೆಯೇ ಬಳಸಿ. ಕನ್ನಡ ಭಾಷೆ ಇಟ್ಟು ನೋಡಿ. ಅಕ್ಷರ ದೊಡ್ಡದು ಮಾಡಿ ನೋಡಿ. ಉಳಿಸುವಾಗ ನೆಟ್ ಬಂದ್ ಮಾಡಿ ನೋಡಿ. ನಡುವೆ ಫೋನ್ ಕರೆ ಬಂದರೆ ಬರೆದದ್ದು ಉಳಿಯುತ್ತದೆಯೇ ನೋಡಿ. ತಿಂಗಳ ಕೊನೆಯ ದಿನ, ಫೆಬ್ರವರಿ 29, ಸೊನ್ನೆ ರೂಪಾಯಿ ಎಂದೆಲ್ಲ ಬರೆದು ನೋಡಿ. ಹುಳ ಮೂಲೆಯಲ್ಲೇ ಅಡಗಿರುವುದು!

* ಸೌಜನ್ಯ ಇರಲಿ. ಉತ್ತರ ತಡವಾದರೆ ಬೇಸರಿಸಬೇಡಿ. ಸರಿಯಾದ ಮೇಲೆ "ಈಗ ಸರಿಯಾಯಿತು" ಎಂದು ಒಂದು ಸಾಲು ಬರೆಯುವುದನ್ನು ಮರೆಯಬೇಡಿ.

ಕೊನೆಗೊಂದು ಮಾತು

ಎಲ್ಲ ದೂರಿಗೂ ಇಷ್ಟು ಬೇಗ ಪರಿಹಾರ ಸಿಗುತ್ತದೆಂದು ನಾನು ಹೇಳಲಾರೆ. ಮುಧೋಳದ ಗೆಳತಿಯ ಒತ್ತಕ್ಷರದ ದೂರಿಗೆ ಉತ್ತರ ಬರಲು ಐದು ತಿಂಗಳು ಹಿಡಿಯಿತು. ಅವ್ವನ 'ಉಳಿಸು' ಗುಂಡಿ ಇನ್ನೂ ಆಚೆಯೇ ಇದೆ. ಆದರೆ ಬರೆದಿಟ್ಟ ದೂರು ಸಾಯುವುದಿಲ್ಲ. ಮುಂದೊಮ್ಮೆ ಯಾರಾದರೂ ತಿದ್ದಲು ಕೂತಾಗ ಅವರಿಗೆ ಅದೇ ದಾರಿ ತೋರಿಸುತ್ತದೆ.

ಹೊಸ ಆವೃತ್ತಿ ಬಂದ ವಾರದ ಸೋಮವಾರ ವೈನಿಯನ್ನು ಎಲ್ಲರೂ ಸೇರಿ ಕರೆದುಕೊಂಡು ಬಂದೆವು. ಆವೃತ್ತಿಯಲ್ಲಿ ಏನೇನು ಬದಲಾಗಿದೆ ಎಂಬ ಪಟ್ಟಿಯಲ್ಲಿ, ಲೆಕ್ಕ ತರುವಾಗ ತಾರೀಖು ತಪ್ಪುತ್ತಿದ್ದುದನ್ನು ಸರಿಪಡಿಸಲಾಗಿದೆ ಎಂಬ ಒಂದು ಸಾಲಿತ್ತು. ಅಣ್ಣನ ಮಗ ಅದನ್ನು ಕನ್ನಡದಲ್ಲಿ ಓದಿ ಹೇಳಿದ. ನಮ್ಮ ಊರಿನ ಹೆಸರೂ ಇರಲಿಲ್ಲ, ವೈನಿಯ ಹೆಸರೂ ಇರಲಿಲ್ಲ. ಆದರೂ ಇಪ್ಪತ್ತು ಮಂದಿಗೂ ಅದು ಯಾರ ಸಾಲು ಎಂದು ಗೊತ್ತಿತ್ತು. ಅಂದು ಮೂಲೆಯಲ್ಲಿ ಕೂತಿದ್ದ ಹಿರಿಯರು ಎದ್ದು ಬಂದು, ತಮ್ಮ 100 ರೂಪಾಯಿ ನೋಟನ್ನು ವೈನಿಯ ಕೈಯಲ್ಲಿಟ್ಟು, "ಬರ್ಕೋ ನನ್ನವ್ವಾ, ನೀನೇ ಬರ್ಕೋ" ಎಂದರು.

ವೈನಿ ಈಗಲೂ ಬರೆಯುತ್ತಿದ್ದಾರೆ. ಆ್ಯಪಿನಲ್ಲೂ ಬರೆಯುತ್ತಾರೆ, ಪಕ್ಕದಲ್ಲಿ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲೂ ಬರೆಯುತ್ತಾರೆ. ತಾರೀಖಿನಲ್ಲಿ ತಿಂಗಳನ್ನು ಮಾತ್ರ ಅಂಕಿಯಲ್ಲಿ ಬರೆಯುವುದಿಲ್ಲ, ಅಕ್ಷರದಲ್ಲೇ ಬರೆಯುತ್ತಾರೆ!